ಗೇಮ್ ಡೌನ್‌ಲೋಡ್ ಶುರುವಾದರೆ ಮನೆಯ ನೆಟ್ ಯಾಕೆ ಮಲಗುತ್ತದೆ?

ಮಾನ್ಯ ಸಂಪಾದಕರೇ,

ಮನೆಯಲ್ಲಿ ಒಬ್ಬರು ಹೊಸ ಗೇಮ್ ಡೌನ್‌ಲೋಡಿಗೆ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಪಕ್ಕದ ಕೋಣೆಯ ಮೀಟಿಂಗಿನಲ್ಲಿ ಮಾತು ತುಂಡು ತುಂಡಾಗುತ್ತದೆ, ಪರದೆಯ ಮೇಲಿನ ಮುಖ ಚೌಕಚೌಕವಾಗಿ ಒಡೆಯುತ್ತದೆ, ಫೋನಿನಲ್ಲಿ ತೆರೆಯಹೊರಟ ಪುಟ ಬೆಳ್ಳಗೆ ನಿಂತುಬಿಡುತ್ತದೆ. ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿದರೆ 'ಲೈನ್ ಸರಿಯಾಗಿದೆ, ಸ್ಪೀಡ್ ಪೂರ್ತಿ ಬರ್ತಾ ಇದೆ, ಬೇಕಾದರೆ ದೊಡ್ಡ ಪ್ಲಾನ್ ಹಾಕಿಸಿಕೊಳ್ಳಿ' ಎಂಬ ಉತ್ತರ. ಲೈನ್ ಸರಿಯಿದೆ ಎನ್ನುವುದು ಬಹುತೇಕ ನಿಜ. ದೊಡ್ಡ ಪ್ಲಾನ್ ಹಾಕಿಸಿಕೊಂಡರೆ ಸರಿಹೋಗುತ್ತದೆ ಎನ್ನುವುದು ಮಾತ್ರ ಬಹುಪಾಲು ಮನೆಗಳಲ್ಲಿ ನಿಜವಲ್ಲ. ತೊಂದರೆ ಇರುವುದು ಕ್ಯೂನಲ್ಲಿ, ಕ್ಯೂ ಚಿಕ್ಕದು ಮಾಡುವ ದಾರಿಗಳೂ ಇವೆ. ಅವು ಯಾವುವು, ಎಲ್ಲಿ ಎಡವುತ್ತೇವೆ ಎಂಬುದನ್ನು ಓದುಗರ ಉಪಯೋಗಕ್ಕೆಂದು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇವೆ. ಜಾಗ ಕೊಡಬೇಕೆಂದು ವಿನಂತಿ.

ಮೊದಲು ಲೆಕ್ಕ. ಪ್ಲಾನಿನ ಮೇಲೆ ಬರೆದಿರುವುದು ಮೆಗಾಬಿಟ್, ಗೇಮ್ ಲಾಂಚರ್ (ಗೇಮ್ ಕೊಂಡು ಇಳಿಸಿಕೊಳ್ಳುವ ಸ್ಟೀಮ್‌ನಂಥ ಆ್ಯಪ್) ಸಾಮಾನ್ಯವಾಗಿ ತೋರಿಸುವುದು ಮೆಗಾಬೈಟ್. 8 ಬಿಟ್ ಸೇರಿ 1 ಬೈಟ್. ಹಾಗಾಗಿ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಪ್ಲಾನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್, ಪ್ಯಾಕೆಟ್‌ಗಳ (ನೆಟ್‌ನಲ್ಲಿ ಸಾಗುವ ಡೇಟಾದ ಸಣ್ಣ ತುಂಡುಗಳ) ತಲೆಬರಹಕ್ಕೆ ಹೋಗುವುದನ್ನು ಕಳೆದರೆ 11.5ರಿಂದ 11.8ರ ಆಸುಪಾಸು. 'ನೂರರ ಪ್ಲಾನ್, ಹನ್ನೊಂದೇ ಬರ್ತಿದೆ' ಎಂದು ಜಗಳಕ್ಕೆ ಹೋಗುವವರಲ್ಲಿ ಅನೇಕರಿಗೆ ಪೂರ್ತಿ ಸ್ಪೀಡೇ ಸಿಗುತ್ತಿರುತ್ತದೆ. 'ರೆಡ್ ಡೆಡ್ ರಿಡೆಂಪ್ಷನ್ 2', 'ಬಾಲ್ಡರ್ಸ್ ಗೇಟ್ 3' ಎರಡೂ ಡಿಸ್ಕಿನಲ್ಲಿ 150 ಜಿಬಿ ಜಾಗ ಕೇಳುತ್ತವೆ. ಅಷ್ಟು ದೊಡ್ಡ ಮೊತ್ತವನ್ನು ಎಳೆದುಕೊಳ್ಳುವುದಾದರೆ 100 ಎಂಬಿಪಿಎಸ್ ಲೈನ್ ಒಂದು ಕ್ಷಣವೂ ಬಿಡುವಿಲ್ಲದೆ ದುಡಿದರೂ 3 ಗಂಟೆ 20 ನಿಮಿಷ ಬೇಕು. 40 ಎಂಬಿಪಿಎಸ್ ಲೈನಿಗೆ 8 ಗಂಟೆ 20 ನಿಮಿಷ. ಅಂದರೆ ಇದು ಬಂದು ಹೋಗುವ ಕ್ಷಣದ ಹೊರೆಯಲ್ಲ, ಅರ್ಧ ದಿನ ಕೂತು ಬಿಡುವ ಹೊರೆ. ಸಿನಿಮಾ ನೋಡುವುದು, ಮೇಲ್ ಕಳಿಸುವುದು ಯಾವುದೂ ಲೈನನ್ನು ಹೀಗೆ ಗಂಟೆಗಟ್ಟಲೆ ಅಂಚಿನ ತನಕ ತುಂಬಿಸಿ ಇಡುವುದಿಲ್ಲ.

ತುಂಬಿದರೇನು, ಒಂದು ಫೋನ್ ಕರೆಗೆ ಬೇಕಿರುವುದು ಅದರಲ್ಲಿ ಚಿಟಿಕೆಯಷ್ಟು ತಾನೇ? ಹೌದು. ಧ್ವನಿ ಕರೆಗೆ 100 ಕಿಲೋಬಿಟ್ ಇದ್ದರೆ ಧಾರಾಳ, ವಿಡಿಯೊ ಮೀಟಿಂಗಿಗೆ ಕೆಲವೇ ಮೆಗಾಬಿಟ್. ಆದರೆ ಧ್ವನಿಯ ಪ್ಯಾಕೆಟ್ ಸಾಮಾನ್ಯವಾಗಿ ಪ್ರತಿ 20 ಮಿಲಿಸೆಕೆಂಡಿಗೊಂದು ಹೊರಡುತ್ತದೆ, ಸೆಕೆಂಡಿಗೆ 50. ಅವು ಹೊರಟ ಅಂತರದಲ್ಲೇ ಬಂದು ತಲುಪಬೇಕು. ಆ್ಯಪ್ ಸ್ವಲ್ಪ ಮಟ್ಟಿಗೆ ಕಾಯುತ್ತದೆ. ಅದಕ್ಕೂ ತಡವಾಗಿ ಬಂದ ಪ್ಯಾಕೆಟ್ಟನ್ನು ಎಸೆದುಬಿಡುತ್ತದೆ. ನಮಗೆ ಕೇಳುವ 'ಕಟ್ ಕಟ್' ಅದೇ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಲೀಸು. 400 ದಾಟಿದರೆ ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಬೀಳುತ್ತಾರೆ.

ಈ ತಡ ಹುಟ್ಟುವುದು ಎಲ್ಲಿ? ಲಾಳಿಕೆಯನ್ನು ನೆನಪಿಸಿಕೊಳ್ಳಿ. ಮೇಲಿನ ಬಾಯಿ ಎಷ್ಟೇ ಅಗಲವಿದ್ದರೂ ನೀರು ಇಳಿಯುವುದು ಕೆಳಗಿನ ಸಣ್ಣ ಕೊಳವೆಯ ವೇಗದಲ್ಲಿ. ಹೆಚ್ಚಾಗಿ ಸುರಿದದ್ದು ಬಾಯಲ್ಲಿ ನಿಲ್ಲುತ್ತದೆ. ನಿಮ್ಮ ಲೈನಿನ ಕಿರಿದಾದ ಜಾಗದ ಹಿಂದೆ ಇರುವ ಉಪಕರಣದಲ್ಲೂ ಹೀಗೆ ಪ್ಯಾಕೆಟ್ ನಿಲ್ಲಲು ಮೆಮೊರಿ ಇಟ್ಟಿರುತ್ತಾರೆ, ಅದಕ್ಕೆ ಬಫರ್ ಎನ್ನುತ್ತಾರೆ. 40 ಎಂಬಿಪಿಎಸ್ ಲೈನಿನ ಹಿಂದೆ 2 ಮೆಗಾಬೈಟ್ ನಿಂತಿದೆ ಎನ್ನಿ. 2 ಮೆಗಾಬೈಟ್ ಎಂದರೆ 16 ಮೆಗಾಬಿಟ್, ಅದು ಖಾಲಿಯಾಗಲು 0.4 ಸೆಕೆಂಡ್. ಆ ಹೊತ್ತಿಗೆ ಬಂದ ನಿಮ್ಮ ಕರೆಯ ಪುಟಾಣಿ ಪ್ಯಾಕೆಟ್ ಅಷ್ಟೂ ಗೇಮ್ ಪ್ಯಾಕೆಟ್‌ಗಳ ಹಿಂದೆ ನಿಂತು 400 ಮಿಲಿಸೆಕೆಂಡ್ ಕಾಯುತ್ತದೆ. ಅಪ್‌ಲೋಡಿನ ಕಡೆ ಪರಿಸ್ಥಿತಿ ಇನ್ನೂ ಕೆಟ್ಟದ್ದು: 5 ಎಂಬಿಪಿಎಸ್ ಅಪ್‌ಲೋಡ್ ಇರುವ ಮೋಡೆಮ್ಮಿನಲ್ಲಿ ಅರ್ಧ ಮೆಗಾಬೈಟ್ ಕ್ಯೂ ಕಟ್ಟಿದರೂ 0.8 ಸೆಕೆಂಡ್ ಹೋಯಿತು. ಜಿಮ್ ಗೆಟಿಸ್ ಎಂಬ ತಂತ್ರಜ್ಞರು 2010ರ ಹೊತ್ತಿಗೆ ಈ ರೋಗಕ್ಕೆ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. ಬಫರ್ ಉಬ್ಬರ ಎನ್ನಬಹುದೇನೋ.

ಕ್ಯೂ ತಾನಾಗಿ ಕರಗುವುದಿಲ್ಲ ಎಂಬುದನ್ನು ಗಮನಿಸಬೇಕು. ಡೌನ್‌ಲೋಡ್ ನಡೆಸುವ ಟಿಸಿಪಿ ಎಂಬ ವ್ಯವಸ್ಥೆ, ಸಾಮಾನ್ಯವಾಗಿ ಬಳಕೆಯಲ್ಲಿರುವ ರೂಪದಲ್ಲಿ, ಪ್ಯಾಕೆಟ್ ಕಳೆದುಹೋಗುವ ತನಕ ವೇಗ ಏರಿಸುತ್ತಲೇ ಇರುತ್ತದೆ. ಮೆಮೊರಿ ಪೂರ್ತಿ ತುಂಬಿದ ಮೇಲಷ್ಟೇ ಪ್ಯಾಕೆಟ್ ಕಳೆಯುತ್ತದೆ, ಆಗ ತುಸು ಇಳಿದು ಮತ್ತೆ ಏರುತ್ತದೆ. ಜೊತೆಗೆ ಗೇಮ್ ಲಾಂಚರ್‌ಗಳು ಫೈಲನ್ನು ಚೂರು ಚೂರು ಮಾಡಿ ಹಲವು ಸರ್ವರ್‌ಗಳಿಂದ ಹಲವು ಸಂಪರ್ಕಗಳಲ್ಲಿ ಒಟ್ಟಿಗೆ ಎಳೆಯುತ್ತವೆ. ಲೈನ್ ಸಂಪರ್ಕಗಳ ಲೆಕ್ಕದಲ್ಲಿ ಹಂಚಿಹೋಗುವುದರಿಂದ, 20 ಸಂಪರ್ಕ ತೆರೆದ ಗೇಮ್ ಒಂದು ಕಡೆ, ಒಂದೇ ಸಂಪರ್ಕದ ನಿಮ್ಮ ಫೈಲ್ ಇನ್ನೊಂದು ಕಡೆ ಇದ್ದರೆ ಪಾಲು ಹೆಚ್ಚೂಕಡಿಮೆ 20ಕ್ಕೆ 1.

ಅಪ್‌ಲೋಡ್ ಬಗ್ಗೆ ಇನ್ನೊಂದು ಮಾತು. 'ನಾವು ಇಳಿಸಿಕೊಳ್ಳುತ್ತಿದ್ದೇವೆ, ಏನನ್ನೂ ಕಳಿಸುತ್ತಿಲ್ಲವಲ್ಲ' ಎನ್ನುವವರಿಗೆ: ಬಂದ ಪ್ರತಿ ಎರಡು ಪ್ಯಾಕೆಟ್ಟಿಗೆ 'ತಲುಪಿತು' ಎಂಬ ಒಂದು ರಸೀದಿ ವಾಪಸ್ ಹೋಗುತ್ತದೆ. 100 ಎಂಬಿಪಿಎಸ್ ಡೌನ್‌ಲೋಡ್ ಎಂದರೆ ಸೆಕೆಂಡಿಗೆ ಸುಮಾರು 8,300 ಪ್ಯಾಕೆಟ್, 4,100ಕ್ಕೂ ಮಿಕ್ಕಿ ರಸೀದಿ. ಬರೀ ಅದಕ್ಕೇ ಸುಮಾರು 2 ಎಂಬಿಪಿಎಸ್ ಅಪ್‌ಲೋಡ್ ಬೇಕು. ಅಪ್‌ಲೋಡ್ ತೀರ ಕಡಿಮೆ ಇರುವ ಲೈನುಗಳಲ್ಲಿ, ಅದರ ಜೊತೆ ಫೋನಿನ ಫೋಟೊ ಬ್ಯಾಕಪ್ಪೂ ನಡೆಯುತ್ತಿದ್ದರೆ, ಎರಡೂ ದಿಕ್ಕು ಕಟ್ಟಿಕೊಳ್ಳುತ್ತದೆ.

ಜನರನ್ನು ದಾರಿ ತಪ್ಪಿಸುವ ಲಕ್ಷಣವೊಂದಿದೆ. ಕರೆ ಸಾಯುತ್ತಿರುವಾಗಲೂ ಟಿವಿಯಲ್ಲಿ ಸಿನಿಮಾ ಚೆನ್ನಾಗಿಯೇ ಓಡುತ್ತಿರುತ್ತದೆ. 'ಹಾಗಾದರೆ ನೆಟ್ ಸರಿಯಿದೆ, ನಿನ್ನ ಲ್ಯಾಪ್‌ಟಾಪೇ ಕೆಟ್ಟಿದೆ' ಎಂಬ ತೀರ್ಪು ಹೊರಬೀಳುತ್ತದೆ. ಸಿನಿಮಾ ಮುಂದಿನ ಹತ್ತಾರು ಸೆಕೆಂಡುಗಳನ್ನು ಮೊದಲೇ ತಂದಿಟ್ಟುಕೊಂಡಿರುತ್ತದೆ, ಅರ್ಧ ಸೆಕೆಂಡ್ ತಡ ಅದಕ್ಕೆ ಲೆಕ್ಕಕ್ಕಿಲ್ಲ. ವೆಬ್ ಪುಟಕ್ಕೆ ಲೆಕ್ಕವಿದೆ: ವಿಳಾಸ ಹುಡುಕಲು ಒಂದು ಸುತ್ತು, ಸಂಪರ್ಕಕ್ಕೆ ಒಂದು, ಗುಪ್ತೀಕರಣಕ್ಕೆ ಒಂದು, ಪುಟ ಕೇಳಲು ಒಂದು. ಸುತ್ತಿಗೆ 400 ಮಿಲಿಸೆಕೆಂಡ್ ಆದರೆ ಮೊದಲ ಅಕ್ಷರ ಬರುವ ಮುಂಚೆಯೇ 1.6 ಸೆಕೆಂಡ್ ಕಳೆದಿರುತ್ತದೆ.

ಇನ್ನು ಅಳೆಯುವುದು. ಅಳೆಯದೆ ಏನನ್ನೂ ಬದಲಿಸಬೇಡಿ, ಕೊಳ್ಳಲಂತೂ ಹೋಗಲೇಬೇಡಿ. ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟಿನ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ಪಿಂಗ್ (ping, ಪ್ಯಾಕೆಟ್ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತನ್ನು ಅಳೆಯುವುದು) ಎಂಬ ಆಜ್ಞೆ, ಒಂದು ಜಾಗ ಬಿಟ್ಟು ರೌಟರಿನ ವಿಳಾಸ (ಹೆಚ್ಚಾಗಿ 192.168.1.1 ಅಥವಾ 192.168.0.1), ಮತ್ತೊಂದು ಜಾಗ ಬಿಟ್ಟು ಅಡ್ಡಗೆರೆ ಮತ್ತು ಇಂಗ್ಲಿಷ್ ಟಿ ಅಕ್ಷರ (-t). ಇನ್ನೊಂದರಲ್ಲಿ ಅದೇ ಆಜ್ಞೆ, ವಿಳಾಸ ಮಾತ್ರ ಹೊರಗಿನದು, ಗೂಗಲ್‌ನ 8.8.8.8. ಎರಡೂ ಸಾಲು ಸಾಲಾಗಿ ಓಡುತ್ತಿರಲಿ. ಡೌನ್‌ಲೋಡ್ ನಿಲ್ಲಿಸಿ ಎರಡು ನಿಮಿಷ ನೋಡಿ, ಆಮೇಲೆ ಶುರುಮಾಡಿ ಎರಡು ನಿಮಿಷ ನೋಡಿ. ಪ್ರತಿ ಸಾಲಿನ ಕೊನೆಯ ಕಡೆ ಇರುವ ಮಿಲಿಸೆಕೆಂಡೇ ನಮಗೆ ಬೇಕಾದದ್ದು.

ರೌಟರಿನ ಪಿಂಗ್ 1ರಿಂದ 5ರೊಳಗೇ ಇದ್ದು, ಹೊರಗಿನ ಪಿಂಗ್ ಮಾತ್ರ 12, 14, 13 ಎಂದು ಇದ್ದದ್ದು 180, 340, 410 ಎಂದು ಏರಿ ಅಲ್ಲೇ ಕೂತರೆ ಇದು ಲೈನಿನ ಕ್ಯೂ, ನಾವು ಮೇಲೆ ಹೇಳಿದ ರೋಗವೇ. ರೌಟರಿನ ಪಿಂಗೇ 3, 90, 7, 210 ಎಂದು ಕುಣಿಯುತ್ತಿದ್ದರೆ ತೊಂದರೆ ವೈಫೈನಲ್ಲಿದೆ. ಲೈನಿನ ಕಡೆ ಏನು ಮಾಡಿದರೂ ಪ್ರಯೋಜನವಿಲ್ಲ. ಡೌನ್‌ಲೋಡ್ ನಿಲ್ಲಿಸಿದ ಮೇಲೂ ಹೊರಗಿನ ಪಿಂಗ್ ಹೆಚ್ಚೇ ಇದ್ದರೆ ಒಂದೋ ಬೇರೆ ಯಾವುದೋ ಸಾಧನ ಸದ್ದಿಲ್ಲದೆ ಎಳೆಯುತ್ತಿದೆ, ಇಲ್ಲವೇ ತಪ್ಪು ಕಂಪನಿಯ ಕಡೆಯದು. ಕಮಾಂಡ್ ಎಂದರೆ ಅಲರ್ಜಿ ಇರುವವರು ಫಾಸ್ಟ್ ಡಾಟ್ ಕಾಮ್ ತಾಣದಲ್ಲಿ ಪರೀಕ್ಷೆ ಮುಗಿದ ಮೇಲೆ ಹೆಚ್ಚಿನ ಮಾಹಿತಿಯ ಗುಂಡಿ ಒತ್ತಿದರೆ ಖಾಲಿ ಲೈನಿನ ತಡ, ತುಂಬಿದ ಲೈನಿನ ತಡ ಎಂದು ಎರಡು ಅಂಕಿ ಬೇರೆ ಬೇರೆ ಕಾಣುತ್ತವೆ. ಇವೆರಡರ ನಡುವಿನ ಅಂತರವೇ ರೋಗದ ಅಳತೆ. ದೊಡ್ಡಕ್ಷರದ ಸ್ಪೀಡ್ ಸಂಖ್ಯೆಯನ್ನೇ ನೋಡಿ ಖುಷಿಪಡುವುದು ನಮ್ಮೆಲ್ಲರ ಅಭ್ಯಾಸ. ಕೆಳಗೆ ಸಣ್ಣದಾಗಿ ಬರೆದದ್ದು ಅದಕ್ಕಿಂತ ಮುಖ್ಯ.

ರೋಗ ಲೈನಿನದೇ ಎಂದು ಖಚಿತವಾದರೆ ಮೊದಲ ಮದ್ದು ಲಾಂಚರಿನೊಳಗೇ ಇದೆ. ಸ್ಟೀಮ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಡೌನ್‌ಲೋಡ್ಸ್ ವಿಭಾಗಕ್ಕೆ ಹೋದರೆ ಡೌನ್‌ಲೋಡ್ ವೇಗಕ್ಕೆ ಮಿತಿ ಹಾಕುವ ಸ್ವಿಚ್ ಇದೆ. ಎಪಿಕ್ ಗೇಮ್ಸ್ ಲಾಂಚರಿನ ಸೆಟ್ಟಿಂಗ್ಸ್‌ನಲ್ಲೂ, ಬ್ಯಾಟಲ್‌ನೆಟ್‌ನ ಡೌನ್‌ಲೋಡ್ಸ್ ಪುಟದಲ್ಲೂ ಇದೆ. ಎಷ್ಟು ಹಾಕಬೇಕು? ಅಳೆದ ಸ್ಪೀಡಿನ 70 ಪ್ರತಿಶತದಿಂದ ಶುರುಮಾಡಿ. 100 ಎಂಬಿಪಿಎಸ್ ಲೈನಿಗೆ 70 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 8,750 ಕಿಲೋಬೈಟ್. 40ರ ಲೈನಿಗೆ 3,500. ಪೆಟ್ಟಿಗೆಯ ಪಕ್ಕ ಕಿಲೋಬಿಟ್ ಇದೆಯೋ ಕಿಲೋಬೈಟ್ ಇದೆಯೋ ನೋಡಿಯೇ ಸಂಖ್ಯೆ ತುಂಬಿ. ಕಿಲೋಬೈಟ್ ಕೇಳುವ ಕಡೆ 70,000 ಎಂದು ಹಾಕಿದರೆ ಅದು 560 ಎಂಬಿಪಿಎಸ್ ಆಯಿತು, ಮಿತಿಯೇ ಇಲ್ಲದಂತೆ. 'ಲಿಮಿಟ್ ಹಾಕಿದೆ, ಏನೂ ಆಗಲಿಲ್ಲ' ಎನ್ನುವವರು ಸಾಮಾನ್ಯವಾಗಿ ಎಡವಿರುವುದು ಇಲ್ಲೇ. ಈ ಮಿತಿಯಿಂದ ಆಗುವ ನಷ್ಟವೆಷ್ಟು ಎಂದರೆ 3 ಗಂಟೆ 20 ನಿಮಿಷದ ಡೌನ್‌ಲೋಡ್ 4 ಗಂಟೆ 46 ನಿಮಿಷವಾಗುತ್ತದೆ. ಪಿಂಗ್ ಕಿಟಕಿ ತೆರೆದೇ ಇದ್ದರೆ ಮಿತಿ ಹಾಕಿದ ಒಂದೆರಡು ಸೆಕೆಂಡಿಗೇ 410 ಇದ್ದದ್ದು 20ರ ಹತ್ತಿರ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಇಳಿದರೆ ಮಿತಿಯನ್ನು 75, 80, 85 ಎಂದು ಏರಿಸುತ್ತಾ ಹೋಗಿ, ಪಿಂಗ್ ಮತ್ತೆ ಏರತೊಡಗಿದ ಕಡೆಯಿಂದ ಒಂದು ಹೆಜ್ಜೆ ಹಿಂದೆ ಬನ್ನಿ.

ಅದೇ ಪುಟದಲ್ಲಿ ಸ್ಟೀಮ್ ತಾನಾಗಿ ಅಪ್‌ಡೇಟ್ ಮಾಡುವುದನ್ನು ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಗೆ ಎಂದು ಕಟ್ಟಿಹಾಕುವ ಸೌಲಭ್ಯವೂ ಇದೆ. ರಾತ್ರಿ 1ರಿಂದ ಬೆಳಗ್ಗೆ 6 ಎಂದಿಡಿ. ಕಂಪ್ಯೂಟರ್ ಆಗ ನಿದ್ದೆಗೆ ಜಾರದಂತೆ ಪವರ್ ಸೆಟ್ಟಿಂಗನ್ನೂ ನೋಡಿಕೊಳ್ಳಿ, ಇಲ್ಲದಿದ್ದರೆ ಬೆಳಗ್ಗೆ ಎದ್ದಾಗ ಶೇಕಡಾ 2ರಲ್ಲೇ ನಿಂತಿರುತ್ತದೆ. ಇದು ಗೇಮ್ ಕಂಪನಿಗಳೇ ಒಪ್ಪಿಕೊಂಡ ದಾರಿ. 2020ರ ಮಾರ್ಚಿನಲ್ಲಿ ಎಲ್ಲರೂ ಮನೆಯಲ್ಲೇ ಕೂತಾಗ, ಇತ್ತೀಚೆಗೆ ಆಡದ ಗೇಮ್‌ಗಳ ಅಪ್‌ಡೇಟನ್ನು ದಟ್ಟಣೆ ಕಡಿಮೆಯಿರುವ ಹೊತ್ತಿಗೆ ಮುಂದೂಡುವುದಾಗಿ ಸ್ಟೀಮ್‌ನ ಒಡೆಯ ವಾಲ್ವ್ ಪ್ರಕಟಿಸಿತ್ತು. ಸೋನಿ ಯುರೋಪಿನಲ್ಲಿ ಪ್ಲೇಸ್ಟೇಷನ್ ಡೌನ್‌ಲೋಡ್‌ಗಳ ವೇಗವನ್ನೇ ತಗ್ಗಿಸಿತ್ತು.

ಎಕ್ಸ್‌ಬಾಕ್ಸ್ ಆ್ಯಪ್ ಮೂಲಕ ವಿಂಡೋಸ್‌ನಲ್ಲಿ ಗೇಮ್ ಇಳಿಸುವವರು ಮಿತಿಯನ್ನು ಹುಡುಕಬೇಕಾದದ್ದು ಆ್ಯಪ್‌ನಲ್ಲಲ್ಲ. ವಿಂಡೋಸ್ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಡೆಲಿವರಿ ಆಪ್ಟಿಮೈಸೇಷನ್. ಅಲ್ಲಿ ಹಿನ್ನೆಲೆ ಡೌನ್‌ಲೋಡಿಗೆ ಬೇರೆ, ಮುನ್ನೆಲೆ ಡೌನ್‌ಲೋಡಿಗೆ ಬೇರೆ ಮಿತಿಯಿದೆ, ಎರಡನ್ನೂ ತುಂಬಿ. ಅದೇ ಜಾಗದಲ್ಲಿ ಇಂಟರ್‌ನೆಟ್ಟಿನ ಇತರ ಕಂಪ್ಯೂಟರ್‌ಗಳೊಂದಿಗೆ ಹಂಚಿಕೊಳ್ಳುವ ಆಯ್ಕೆ ಚಾಲೂ ಇದ್ದರೆ ಆಫ್ ಮಾಡಿ. ನಿಮ್ಮ ಅಪ್‌ಲೋಡನ್ನು ಊರಿಗೆಲ್ಲ ಹಂಚುವುದು ಔದಾರ್ಯವೇ ಸರಿ, ಆದರೆ ಮೀಟಿಂಗ್ ಮುಗಿದ ಮೇಲೆ ಮಾಡಬಹುದು.

ಒಂದೇ ಮನೆಯಲ್ಲಿ ಎರಡು ಕಂಪ್ಯೂಟರಿಗೆ ಒಂದೇ ಗೇಮ್ ಬೇಕಿದ್ದರೆ ಎರಡು ಸಲ ಇಳಿಸಬೇಡಿ. ಸ್ಟೀಮ್‌ನಲ್ಲಿ 2023ರಿಂದ ಮನೆಯ ನೆಟ್‌ವರ್ಕ್ ಮೂಲಕವೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಸಾಗಿಸುವ ಆಯ್ಕೆ ಬಂದಿದೆ. ಎರಡೂ ಕಡೆ ಕೇಬಲ್ ಇದ್ದರೆ ಹೊರಗಿನ ಲೈನಿನಿಂದ ಅಷ್ಟು ಜಿಬಿ ಮತ್ತೆ ಎಳೆಯುವ ಪ್ರಮೇಯವೇ ಇಲ್ಲ.

ಕನ್ಸೋಲ್‌ಗಳದ್ದು ಬೇರೆ ಕಥೆ. ಪ್ಲೇಸ್ಟೇಷನ್ 5ರ ಮೆನುವಿನಲ್ಲಿ ಕಂಪ್ಯೂಟರ್ ಲಾಂಚರ್‌ಗಳಲ್ಲಿರುವಂಥ ವೇಗದ ಮಿತಿ ಇಲ್ಲ. ರೆಸ್ಟ್ ಮೋಡ್‌ನಲ್ಲಿ ನೆಟ್ ಸಂಪರ್ಕ ಉಳಿಸಿಕೊಳ್ಳುವ ಆಯ್ಕೆ ಹಾಕಿ, ಮಲಗುವ ಹೊತ್ತಿಗೆ ಡೌನ್‌ಲೋಡ್ ಶುರುಮಾಡುವುದು ಸುಲಭದ ದಾರಿ. ಹಗಲಲ್ಲೇ ಆಗಬೇಕೆಂದರೆ ಒಂದು ಒರಟು ಉಪಾಯವಿದೆ, ಲೈನ್ 150 ಎಂಬಿಪಿಎಸ್‌ಗಿಂತ ದೊಡ್ಡದಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ: ಕನ್ಸೋಲ್ ಮತ್ತು ರೌಟರ್ ನಡುವೆ ಮೂಲೆಯಲ್ಲಿ ಬಿದ್ದಿರುವ ಹಳೆಯ 100 ಎಂಬಿಪಿಎಸ್ ನೆಟ್‌ವರ್ಕ್ ಸ್ವಿಚ್ ಒಂದನ್ನು ಸೇರಿಸಿ, ಕನ್ಸೋಲಿನ ವೈಫೈ ಆಫ್ ಮಾಡಿ. ಕನ್ಸೋಲ್ ಸುಮಾರು 94 ಎಂಬಿಪಿಎಸ್ ದಾಟಲಾರದು, ಉಳಿದದ್ದು ಮನೆಗೆ. ನೋಡಲು ಚೆಂದವಿಲ್ಲ, ಆದರೆ ಅರ್ಥವಾಗದ ಸೆಟ್ಟಿಂಗ್ ಹತ್ತಕ್ಕಿಂತ ಇದು ವಾಸಿ.

ಪ್ರತಿ ಸಾಧನದಲ್ಲೂ ಮಿತಿ ಹಾಕುತ್ತಾ ಕೂರಲಾಗದು ಎನ್ನುವ ಮನೆಗೆ ನಿಜವಾದ ಪರಿಹಾರ ರೌಟರಿನಲ್ಲಿದೆ. ಇಲ್ಲಿ ಎರಡು ಹೆಸರುಗಳನ್ನು ಬೇರೆ ಮಾಡಿ ನೋಡಬೇಕು. ಕ್ಯೂಒಎಸ್ (ಕ್ವಾಲಿಟಿ ಆಫ್ ಸರ್ವಿಸ್) ಎಂಬುದು ಹಳೆಯದು: ಈ ಸಾಧನಕ್ಕೆ ಆದ್ಯತೆ, ಆ ಆ್ಯಪ್‌ಗೆ ಆದ್ಯತೆ ಎಂಬ ಪಟ್ಟಿ. ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್) ಎಂಬುದು ಕ್ಯೂ ಉದ್ದವಾಗಲು ಬಿಡದೆ, ಪ್ರತಿ ಸಂಪರ್ಕಕ್ಕೂ ಸರದಿ ಕೊಡುವ ವಿಧಾನ. ಇದರ ಹಿಂದಿರುವ ಕೋಡೆಲ್ ಎಂಬ ಸೂತ್ರವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದರು. ಅದರ ಮುಂದುವರಿದ ರೂಪವಾದ ಕೇಕ್ 2018ರಲ್ಲಿ ಲಿನಕ್ಸ್ 4.19ರೊಳಗೆ ಸೇರಿತು.

ರೌಟರಿನಲ್ಲಿ 'ಗೇಮಿಂಗ್ ಮೋಡ್' ಎಂಬ ಗುಂಡಿ ಕಂಡರೆ ಜೋಪಾನ. ಹೆಚ್ಚಿನವು ಮಾಡುವುದು ಇಷ್ಟೇ, ಕನ್ಸೋಲಿನ ಅಥವಾ ಗೇಮಿಂಗ್ ಕಂಪ್ಯೂಟರಿನ ಎಲ್ಲ ಪ್ಯಾಕೆಟ್ಟನ್ನೂ ಸಾಲಿನ ಮುಂದಕ್ಕೆ ತಂದು ನಿಲ್ಲಿಸುವುದು. ಆ ಎಲ್ಲದರಲ್ಲಿ ಆಟದ ಪ್ಯಾಕೆಟ್ಟೂ ಇದೆ, 150 ಜಿಬಿ ಡೌನ್‌ಲೋಡೂ ಇದೆ. ಮನೆಯ ನೆಟ್ ಮಲಗಿಸುತ್ತಿರುವ ಸಾಧನಕ್ಕೇ ರಾಜಮರ್ಯಾದೆ ಕೊಟ್ಟಂತಾಯಿತು. ಡೌನ್‌ಲೋಡ್ ಮಾಡುವ ಯಂತ್ರಕ್ಕೆ ಆದ್ಯತೆ ಹಾಕಿದ್ದರೆ ಮೊದಲು ತೆಗೆಯಿರಿ.

ಎಸ್‌ಕ್ಯೂಎಂ ಯಾಕೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಸಂಖ್ಯೆ ಹಾಕುವಾಗ ತಪ್ಪುವುದಿಲ್ಲ. ಡೌನ್‌ಲೋಡಿನ ಕ್ಯೂ ಕಟ್ಟುವುದು ಕಂಪನಿಯ ಉಪಕರಣದಲ್ಲಿ, ಅಲ್ಲಿಗೆ ನಮ್ಮ ಕೈ ಎಟುಕದು. ಅದಕ್ಕೇ ಬೇಕೆಂದೇ ಲೈನಿಗಿಂತ ತುಸು ಕಿರಿದಾದ ಜಾಗವೊಂದನ್ನು ನಮ್ಮ ರೌಟರಿನಲ್ಲಿ ಸೃಷ್ಟಿಸುತ್ತೇವೆ. ಆಗ ಕ್ಯೂ ಕಟ್ಟುವುದು ಇಲ್ಲಿ. ಇಲ್ಲಿ ಅದನ್ನು ಆಳುವ ಅಧಿಕಾರ ನಮಗಿದೆ. ರೌಟರ್ ಗೇಮ್ ಸಂಪರ್ಕಗಳ ಒಂದೊಂದು ಪ್ಯಾಕೆಟ್ಟನ್ನು ಆಗಾಗ ಬೀಳಿಸಿದ ಕೂಡಲೇ ಆಚೆಯ ಸರ್ವರ್ ತಾನಾಗಿ ನಿಧಾನಿಸುತ್ತದೆ, ಕಂಪನಿಯ ಕಡೆಯ ಕ್ಯೂ ಖಾಲಿಯಾಗಿಯೇ ಉಳಿಯುತ್ತದೆ. ಇದರಿಂದ ಹೊರಡುವ ನಿಯಮ: ರೌಟರಿನಲ್ಲಿ ಹಾಕುವ ಸಂಖ್ಯೆ ನಿಜವಾಗಿ ಸಿಗುವ ಸ್ಪೀಡಿಗಿಂತ ಕಡಿಮೆ ಇರಲೇಬೇಕು. ಪ್ಲಾನಿನ ಮೇಲೆ ಬರೆದ 100 ಅನ್ನೇ ಹಾಕಿದರೆ, ನಿಜಕ್ಕೂ ಸಿಗುವುದು 95 ಆಗಿದ್ದರೆ, ಏನೂ ಆಗದು. 'ಅವೆಲ್ಲ ಬೂಟಾಟಿಕೆ' ಎಂದು ಕೈಬಿಟ್ಟವರ ರೌಟರಿನಲ್ಲಿ ಇಣುಕಿದರೆ ಹೆಚ್ಚಾಗಿ ಕಾಣುವುದು ಈ 100.

ಓಪನ್‌ಡಬ್ಲ್ಯುಆರ್‌ಟಿ (ರೌಟರಿಗೆ ಹಾಕುವ ಉಚಿತ ಮುಕ್ತ ತಂತ್ರಾಂಶ) ಹಾಕಿದ ರೌಟರಿನಲ್ಲಿ ಕ್ರಮ ಹೀಗೆ. ಸಾಫ್ಟ್‌ವೇರ್ ಪುಟದಿಂದ ಲೂಸಿಯ (ಅದರ ಸೆಟ್ಟಿಂಗ್ಸ್ ಪುಟಗಳ ಹೆಸರು) ಎಸ್‌ಕ್ಯೂಎಂ ಪ್ಯಾಕೇಜ್ (luci-app-sqm) ಹಾಕಿಕೊಳ್ಳಿ. ನೆಟ್‌ವರ್ಕ್ ಮೆನುವಿನಲ್ಲಿ ಎಸ್‌ಕ್ಯೂಎಂ ಕ್ಯೂಒಎಸ್ ತೆರೆದು, ಹೊರಗಿನ ಲೈನ್ ಬಂದು ಸೇರುವ ವ್ಯಾನ್ ಇಂಟರ್‌ಫೇಸ್ ಆರಿಸಿ. ಮನೆಯ ಉಳಿದೆಲ್ಲ ಬಳಕೆ ನಿಲ್ಲಿಸಿ, ಕೇಬಲ್ ಹಾಕಿದ ಕಂಪ್ಯೂಟರಿನಿಂದ ಮೂರು ಹೊತ್ತು ಸ್ಪೀಡ್ ಅಳೆದು, ಮೂರರಲ್ಲಿ ಕಡಿಮೆ ಬಂದದ್ದರ 90 ಪ್ರತಿಶತ ಹಾಕಿ. ಘಟಕ ಕಿಲೋಬಿಟ್: 95 ಎಂಬಿಪಿಎಸ್ ಬಂದಿದ್ದರೆ 85,500. ಅಪ್‌ಲೋಡಿಗೂ ಹಾಗೆಯೇ. ಕ್ಯೂ ವಿಧಾನದಲ್ಲಿ ಕೇಕ್, ಸ್ಕ್ರಿಪ್ಟಿನಲ್ಲಿ ಪೀಸ್ ಆಫ್ ಕೇಕ್. ಲಿಂಕ್ ಲೇಯರಿನಲ್ಲಿ ಈಥರ್‌ನೆಟ್, ಓವರ್‌ಹೆಡ್ 44 ಎಂದಿಟ್ಟರೆ ಬಹುತೇಕ ಲೈನುಗಳಿಗೆ ಸುರಕ್ಷಿತ. ಮುಂದುವರಿದ ಆಯ್ಕೆಗಳಲ್ಲಿ ನ್ಯಾಟ್ (nat) ಎಂಬ ಪದ ಸೇರಿಸಿದರೆ ಕೇಕ್ ಮನೆಯೊಳಗಿನ ಸಾಧನಗಳನ್ನು ಗುರುತಿಸಿ ಪಾಲು ಮಾಡುತ್ತದೆ. 20 ಸಂಪರ್ಕ ತೆರೆದ ಕಂಪ್ಯೂಟರಿಗೂ ಒಂದೇ ತೆರೆದ ಫೋನಿಗೂ ಸಮಪಾಲು. ಉಳಿಸಿದ ಮೇಲೆ ಮತ್ತೆ ಅದೇ ಎರಡು ಪಿಂಗ್ ಕಿಟಕಿ ತೆರೆದು ಡೌನ್‌ಲೋಡ್ ಹಚ್ಚಿ ನೋಡಿ. 14 ಇದ್ದದ್ದು 20–25ರೊಳಗೆ ನಿಂತರೆ ಗೆದ್ದಂತೆ. 60–80 ತೋರಿಸುತ್ತಿದ್ದರೆ 90ರಿಂದ 85ಕ್ಕೆ ಇಳಿಸಿ.

ಇಲ್ಲಿ ಕೈಕೊಡುವ ಸಂಗತಿಗಳೂ ಇವೆ. ಎಸ್‌ಕ್ಯೂಎಂ ನಡೆಯಬೇಕಾದರೆ ಪ್ರತಿ ಪ್ಯಾಕೆಟ್ ರೌಟರಿನ ಪ್ರೊಸೆಸರ್ ಕೈಯಿಂದ ಹಾಯಬೇಕು. ಹಾರ್ಡ್‌ವೇರ್ ಆಫ್‌ಲೋಡಿಂಗ್ ಎಂಬ ಅಡ್ಡದಾರಿ ಮುಚ್ಚಬೇಕು. ದುರ್ಬಲ ಪ್ರೊಸೆಸರಿನ ರೌಟರ್ ಆಗ ಏದುಸಿರು ಬಿಡುತ್ತದೆ: 300 ಎಂಬಿಪಿಎಸ್ ಲೈನ್ 120ಕ್ಕೆ ಬಿದ್ದರೆ ಆಶ್ಚರ್ಯವಿಲ್ಲ. ಅಂಥ ಕಡೆ ರೌಟರ್ ಬದಲಿಸುವುದು ಅಥವಾ ಲಾಂಚರಿನ ಮಿತಿಯಲ್ಲೇ ತೃಪ್ತಿಪಡುವುದು. ಎರಡನೆಯದು, ಕಂಪನಿಯ ಡಬ್ಬಿಯೊಂದು, ನಿಮ್ಮ ರೌಟರೊಂದು ಎಂದು ಎರಡೂ ವೈಫೈ ಬಿಡುತ್ತಿದ್ದು, ಕನ್ಸೋಲ್ ಕಂಪನಿಯ ಡಬ್ಬಿಗೆ ಸೇರಿಕೊಂಡಿದ್ದರೆ ಅದು ನಿಮ್ಮ ಎಸ್‌ಕ್ಯೂಎಂ ಮೂಲಕ ಹಾಯುವುದೇ ಇಲ್ಲ. ಆ ಡಬ್ಬಿಯ ವೈಫೈ ಆಫ್ ಮಾಡಿ, ಎಲ್ಲವನ್ನೂ ನಿಮ್ಮ ರೌಟರಿನ ಹಿಂದೆ ತನ್ನಿ. ಮೂರನೆಯದು, ಸಿಮ್ ಹಾಕಿದ 4ಜಿ, 5ಜಿ ಹೋಮ್ ರೌಟರ್. ಅದರ ಸ್ಪೀಡ್ ಗಳಿಗೆಗೊಂದು ಇರುವುದರಿಂದ ಕಟ್ಟಿಟ್ಟ ಸಂಖ್ಯೆ ಹೊಂದುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಪಿಂಗ್ ನೋಡಿಕೊಂಡೇ ಮಿತಿ ಏರಿಸಿ ಇಳಿಸುವ ಕೇಕ್ ಆಟೋರೇಟ್ ಎಂಬ ಸ್ಕ್ರಿಪ್ಟ್ ಸಿಗುತ್ತದೆ.

ಈಗ ರೌಟರಿನ ಪಿಂಗೇ ಕುಣಿಯುವ ಮನೆಗಳ ವಿಚಾರ. ವೈಫೈನಲ್ಲಿ ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಮೂರು ಗೋಡೆ ಆಚೆ, 2.4 ಗಿಗಾಹರ್ಟ್ಸ್‌ನಲ್ಲಿ ತೆವಳುತ್ತಿರುವ ಕನ್ಸೋಲ್ ಅದೇ 1 ಮೆಗಾಬೈಟ್ ತೆಗೆದುಕೊಳ್ಳಲು ರೌಟರಿನ ಪಕ್ಕದ ಲ್ಯಾಪ್‌ಟಾಪಿಗಿಂತ ಹತ್ತು ಪಟ್ಟು ಹೊತ್ತು ಗಾಳಿಯನ್ನು ಹಿಡಿದಿಟ್ಟುಕೊಳ್ಳಬಹುದು. ಆಗ ಲೈನ್ ಅರ್ಧ ಖಾಲಿಯಿದ್ದರೂ ಮನೆಯವರೆಲ್ಲ ಕಾಯುತ್ತಾರೆ. ಡೌನ್‌ಲೋಡ್ ಮಾಡುವ ಯಂತ್ರಕ್ಕೆ ಕೇಬಲ್ ಎಳೆಯುವುದಕ್ಕಿಂತ ಒಳ್ಳೆಯ ಮದ್ದು ಇದಕ್ಕಿಲ್ಲ. ಕ್ಯಾಟ್ 5ಇ ಕೇಬಲ್ 100 ಮೀಟರ್ ತನಕ ಗಿಗಾಬಿಟ್ ಸಾಗಿಸುತ್ತದೆ, ಯಾವ ಮನೆಗೂ ಸಾಕು. ಆಗದಿದ್ದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ. 2.4ರಲ್ಲೇ ಇರಬೇಕಾದರೆ ಚಾನೆಲ್ 1, 6, 11ರಲ್ಲೊಂದನ್ನು, 20 ಮೆಗಾಹರ್ಟ್ಸ್ ಅಗಲದಲ್ಲಿ ಇಡಿ. ಸಿಗ್ನಲ್ ಹೆಚ್ಚಿಸುತ್ತದೆಂದು ನಡುವೆ ರಿಪೀಟರ್ ಹಾಕುವವರು ಒಂದು ತಿಳಿದಿರಲಿ: ಒಂದೇ ರೇಡಿಯೊ ಇರುವ ರಿಪೀಟರ್ ಕೇಳಿದ್ದನ್ನೇ ಮತ್ತೊಮ್ಮೆ ಹೇಳಬೇಕಾದ್ದರಿಂದ ವೇಗ ಅರ್ಧಕ್ಕಿಳಿಯುತ್ತದೆ, ಗಾಳಿ ಇನ್ನಷ್ಟು ತುಂಬುತ್ತದೆ.

ಕೇಬಲ್ ಹಾಕಿದ ಮೇಲೂ ಮೋಸ ಹೋಗಬಹುದು. 300ರ ಪ್ಲಾನಿನಲ್ಲಿ ಡೌನ್‌ಲೋಡ್ 11.8 ಮೆಗಾಬೈಟಿಗೆ ಗೆರೆ ಎಳೆದಂತೆ ನಿಂತರೆ ಅದು 100 ಎಂಬಿಪಿಎಸ್ ಕೊಂಡಿಯ ಗುರುತು. ಗಿಗಾಬಿಟ್ಟಿಗೆ ಕೇಬಲಿನ 8 ತಂತಿಯೂ ಬೇಕು. 100ಕ್ಕೆ 4 ಸಾಕು. ತುದಿಯ ಪ್ಲಗ್‌ನಲ್ಲಿ 4, 5, 7, 8ರ ಪೈಕಿ ಒಂದು ತಂತಿ ಸಡಿಲಾದರೂ ಎರಡು ಕಡೆಯ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಒಪ್ಪಂದ ಮಾಡಿಕೊಳ್ಳುತ್ತವೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ವಿಂಡೋಸ್‌ನ ಈಥರ್‌ನೆಟ್ ಪುಟದಲ್ಲಿ ಲಿಂಕ್ ಸ್ಪೀಡ್ 1000 ಇದೆಯೋ 100 ಇದೆಯೋ ನೋಡಿ. ಕೇಬಲ್ ಬದಲಿಸಿದರೂ 100 ಎಂದರೆ ರೌಟರಿನ ಪೋರ್ಟೇ ಅಷ್ಟರದ್ದು.

ಡೌನ್‌ಲೋಡ್ ಮಾತ್ರ ಏರಿಳಿಯುತ್ತಿದೆ, ಮನೆಯ ಉಳಿದ ನೆಟ್ ಚೆನ್ನಾಗಿದೆ ಎಂದಾದರೆ ಲೈನಿನ ಮೇಲೆ ಅನುಮಾನ ಬೇಡ. ಸ್ಟೀಮ್‌ನ ಡೌನ್‌ಲೋಡ್ ಪುಟದಲ್ಲಿ ನೆಟ್‌ವರ್ಕ್ ಮತ್ತು ಡಿಸ್ಕ್ ಎರಡರ ಚಿತ್ರವೂ ಇದೆ. ನೆಟ್‌ವರ್ಕ್ ಸೊನ್ನೆಗಿಳಿದಾಗ ಡಿಸ್ಕ್ ದುಡಿಯುತ್ತಿದ್ದರೆ, ಬಂದದ್ದನ್ನು ಬಿಚ್ಚಿ ಬರೆಯುತ್ತಿದೆ ಎಂದರ್ಥ. ಹಳೆಯ ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಇದು ಎದ್ದು ಕಾಣುತ್ತದೆ. 2 ಜಿಬಿ ಅಪ್‌ಡೇಟ್ ಗಂಟೆಗಟ್ಟಲೆ ಹಿಡಿಯುವುದೂ ಇದಕ್ಕೇ; ಬದಲಾವಣೆ ಸಣ್ಣದಾದರೂ ಅದನ್ನು ಹೊಲಿಯಬೇಕಾದ ಫೈಲ್ 60 ಜಿಬಿಯದ್ದಾಗಿದ್ದರೆ ಪೂರ್ತಿ ಫೈಲನ್ನು ಓದಿ ಹೊಸದಾಗಿ ಬರೆಯಬೇಕಾಗಬಹುದು. ಬಿಡುಗಡೆಯ ದಿನದ ನೂಕುನುಗ್ಗಲಿದ್ದರೆ ಸ್ಟೀಮ್‌ನ ಡೌನ್‌ಲೋಡ್ ರೀಜನ್ ಬದಲಿಸಿ ನೋಡಬಹುದು.

ಇಷ್ಟೆಲ್ಲ ಆದ ಮೇಲೂ ಸರಿಹೋಗದಿದ್ದರೆ ಕಂಪನಿಗೆ ದೂರು ಕೊಡಿ. ಅದಕ್ಕೆ ಮುಂಚೆ ತಿಂಗಳ ಡೇಟಾ ಮಿತಿ ಮುಗಿದಿದೆಯೇ ನೋಡಿಕೊಳ್ಳಿ. ಒಂದೆರಡು ದೊಡ್ಡ ಗೇಮ್ ಅದನ್ನು ಮುಗಿಸಿರಬಹುದು, ಆಮೇಲೆ ಸ್ಪೀಡ್ ಇಳಿಸುವುದು ಕರಾರಿನಲ್ಲೇ ಇರುತ್ತದೆ. 'ನೆಟ್ ಸ್ಲೋ' ಎಂದಷ್ಟೇ ಹೇಳಿದರೆ 'ರೌಟರ್ ಆಫ್ ಮಾಡಿ ಆನ್ ಮಾಡಿ' ಎಂಬ ಉತ್ತರವೇ ಬರುತ್ತದೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿ ಹೇಳಿ: ಅಳೆದ ದಿನ ಮತ್ತು ಗಂಟೆ, ಬೆಳಗಿನದೊಂದು, ರಾತ್ರಿ 9ರ ಸುಮಾರಿನದೊಂದು, ರೌಟರಿಗೆ ಕೇಬಲ್ ಮೂಲಕ ಅಳೆದದ್ದು ಎಂಬ ಮಾತು, ಆಗ ಮನೆಯಲ್ಲಿ ಬೇರೆ ಯಾವ ಡೌನ್‌ಲೋಡೂ ಇರಲಿಲ್ಲ ಎಂಬುದು, ರೌಟರಿನ ಪಿಂಗ್, ಹೊರಗಿನ ಪಿಂಗ್ ಎರಡರ ಅಂಕಿ, ನೂರು ಪಿಂಗ್‌ನಲ್ಲಿ ಎಷ್ಟು ಕಳೆದುಹೋದವು ಎಂಬ ಲೆಕ್ಕ. ಕೊನೆಯದಕ್ಕೆ ಪಿಂಗ್ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಸಿ ಗುಂಡಿ ಒಟ್ಟಿಗೆ ಒತ್ತಿದರೆ ಅದೇ ಲೆಕ್ಕ ಹಾಕಿ ಕೊಡುತ್ತದೆ.

ಇಂತಿ,
ಮನೆ ನೆಟ್‌ವರ್ಕ್ ಕೆಲಸ ಮಾಡುವ ಇಬ್ಬರು ಓದುಗರು